ಕಾಗೆ ಕೂತಿತು, ಟೊಂಗೆ ಮುರಿಯಿತು: ಮನೆಯ ತಾರೀಖುಗಳಲ್ಲಿ ತಾಳೆ ಹುಡುಕುವ ಕ್ರಮ

ಅಜ್ಜ ತೀರಿಕೊಂಡ ತಿಥಿಯಂದೇ ಮೊಮ್ಮಗ ಹುಟ್ಟಿದ. ಅಪ್ಪನಿಗೂ ಮಗನಿಗೂ ಇಪ್ಪತ್ತೇಳನೇ ವಯಸ್ಸಿಗೇ ಕೆಲಸ ಸಿಕ್ಕಿತು. ಮೂವರು ಅಕ್ಕತಂಗಿಯರ ಮದುವೆಯೂ ಮೇ ತಿಂಗಳ ಎರಡನೇ ವಾರದಲ್ಲೇ ಆಯಿತು. ಇಂಥ ಮಾತು ಕೇಳದ ಮನೆ ಇಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವೆ. ಸಂಸ್ಕೃತದ ಕಾಕತಾಳೀಯದಲ್ಲಿ ಟೊಂಗೆಯ ಜಾಗದಲ್ಲಿ ತಾಳೆಹಣ್ಣು ಬೀಳುತ್ತದೆ, ಅಷ್ಟೇ ವ್ಯತ್ಯಾಸ.

ಆದರೆ ಮನೆಯ ತಾರೀಖುಗಳಲ್ಲಿ ಕಾಣುವ ತಾಳೆಯಲ್ಲಿ ಬಹುಪಾಲು ಕಾಗೆಯ ಕೆಲಸವೇ ಅಲ್ಲ. ಕೆಲವನ್ನು ಪಂಚಾಂಗ ತಂದಿರುತ್ತದೆ, ಕೆಲವನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಬರೆದಿರುತ್ತಾರೆ, ಕೆಲವಕ್ಕೆ ಒಂಬತ್ತು ತಿಂಗಳ ಬಸಿರಿನ ಲೆಕ್ಕವೇ ಕಾರಣ. ಇವನ್ನೆಲ್ಲ ಜರಡಿ ಹಿಡಿದ ಮೇಲೆ ಉಳಿಯುವ ಕೆಲವೇ ಕಾಳು ನಿಜವಾದ ಕಾಕತಾಳೀಯ. ಜರಡಿ ಹಿಡಿಯದೆ ಇಟ್ಟುಕೊಂಡರೆ ಪೊಳ್ಳೂ ಕಾಳೂ ಒಂದೇ ಬೆಲೆಗೆ ಹೋಗುತ್ತವೆ.

ಪುಸ್ತಕ ಹಾಕುವುದು

200 ಪುಟದ ಉದ್ದ ನೋಟ್‌ಬುಕ್ ಸಾಕು. ಒಂದು ಘಟನೆಗೆ ಒಂದು ಸಾಲು. ಎಡದಿಂದ ಬಲಕ್ಕೆ ಎಂಟು ಕಾಲಂ ಹಾಕಿ: ಯಾರು, ಏನು, ಇಂಗ್ಲಿಷ್ ತಾರೀಖು, ವಾರ, ಗಂಟೆ, ಊರು, ಆಧಾರ, ದಿನ ಇಟ್ಟವರು.

ಕೊನೆಯ ಕಾಲಂ ಅನ್ನು ಜನ ಬಿಟ್ಟುಬಿಡುತ್ತಾರೆ, ಇಡೀ ಕೆಲಸ ನಿಂತಿರುವುದೇ ಅದರ ಮೇಲೆ. ಆ ದಿನವನ್ನು ಯಾರಾದರೂ ಆರಿಸಿದರೋ, ಅದು ತಾನಾಗಿ ಬಂತೋ ಅನ್ನುವುದನ್ನು ಅಲ್ಲಿ ಬರೆಯಬೇಕು. ಮದುವೆಗೆ ‘ಪುರೋಹಿತರು’ ಎಂದೋ ‘ಛತ್ರ ಸಿಕ್ಕ ದಿನ’ ಎಂದೋ ಬರೆಯಿರಿ. ಮೊದಲೇ ಗೊತ್ತು ಮಾಡಿದ ಸಿಸೇರಿಯನ್ ಆದರೆ ‘ಡಾಕ್ಟರು’, ಮುಹೂರ್ತ ನೋಡಿ ಮಾಡಿಸಿದ್ದಾದರೆ ‘ಜ್ಯೋತಿಷಿ’. ನೌಕರಿಯ ಮೊದಲ ದಿನಕ್ಕೆ ‘ಕಚೇರಿ’. ಸಹಜ ಹೆರಿಗೆ, ಸಾವು, ಅಪಘಾತ ಇವಕ್ಕೆ ಮಾತ್ರ ‘ತಾನಾಗಿ’.

ಎಷ್ಟು ಬಗೆಯ ಘಟನೆ ಸೇರಿಸುತ್ತೀರಿ ಅನ್ನುವುದನ್ನು ಬರೆಯಲು ಕೂರುವ ಮೊದಲೇ ತೀರ್ಮಾನಿಸಿ. ಹುಟ್ಟು, ಮದುವೆ, ಗೃಹಪ್ರವೇಶ, ಮೊದಲ ಕೆಲಸ, ಸಾವು: ಐದು ಸಾಕು. ನಡುವೆ ‘ಹೊಸ ಸ್ಕೂಟರ್ ತಂದದ್ದೂ ಆವತ್ತೇ ಅಲ್ಲವೇ’ ಎಂದು ಆರನೆಯದನ್ನು ಸೇರಿಸಿದರೆ, ತಾಳೆ ಸಿಗುವ ಕಡೆಗೆ ನೀವೇ ಪುಸ್ತಕವನ್ನು ವಾಲಿಸಿದ ಹಾಗೆ. ಸ್ಕೂಟರ್ ಸೇರಿಸುವುದಾದರೆ ಎಲ್ಲರ ಸ್ಕೂಟರನ್ನೂ ಸೇರಿಸಬೇಕು.

ಆಧಾರಕ್ಕೆ ಮೂರು ದರ್ಜೆ ಇಟ್ಟುಕೊಳ್ಳಿ. ಆ ಹೊತ್ತಿನಲ್ಲೇ ಬರೆದ ಕಾಗದವಾದರೆ ‘ಅ’: ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, 21 ದಿನದೊಳಗೆ ಮಾಡಿಸಿದ ಜನನ ನೋಂದಣಿ, ಮಗು ಹುಟ್ಟಿದಾಗಲೇ ಬರೆಸಿದ ಜಾತಕ, ಲಗ್ನಪತ್ರಿಕೆ, ಕ್ರಯಪತ್ರ. ವರ್ಷಗಟ್ಟಲೆ ಆದಮೇಲೆ ಬರೆದದ್ದು ‘ಆ’: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್. ಬಾಯಿಮಾತು ‘ಇ’. ಪಾಸ್‌ಪೋರ್ಟ್ ಎಷ್ಟೇ ಅಧಿಕೃತವಾಗಿರಲಿ, ಅದರ ತಾರೀಖು ಅಂಕಪಟ್ಟಿಯಿಂದ ಬಂದಿದ್ದರೆ ಅದು ಹೊಸ ಸಾಕ್ಷಿಯಾಗುವುದಿಲ್ಲ. ಒಂದೇ ಸಾಕ್ಷಿ ಎರಡನೇ ಸಲ ಬಂದು ನಿಂತಿದೆ ಎಂದೇ ಎಣಿಸಬೇಕು.

‘ಅ’ ದರ್ಜೆಯ ಆಧಾರ ಹುಡುಕುವಾಗ ಅಡುಗೆಮನೆಯ ಅಟ್ಟವನ್ನು ಮರೆಯಬೇಡಿ. ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ಡಬ್ಬಿ, ಕೊಳಗ, ತಟ್ಟೆಗಳ ಮೇಲೆ ಕೊಟ್ಟವರ ಹೆಸರಿನ ಜೊತೆ ತಾರೀಖನ್ನೂ ಕೆತ್ತಿಸಿರುತ್ತಾರೆ. ಅದು ಕಾಗದಕ್ಕಿಂತ ಗಟ್ಟಿ, ಅಳಿಸಿ ತಿದ್ದಲು ಬರುವುದಿಲ್ಲ. ಗೋಡೆಯ ಫೋಟೋಗಳ ಹಿಂಬದಿಯ ರಟ್ಟಿನ ಮೇಲೆ ಸ್ಟುಡಿಯೋದ ಮೊಹರು ಇರಬಹುದು. ಅಜ್ಜನ ಪಂಚಾಂಗಗಳನ್ನು ರದ್ದಿಗೆ ಹಾಕದೆ ಇಟ್ಟಿದ್ದರೆ ಅದೇ ದೊಡ್ಡ ಗಣಿ. ಹಸು ಕರು ಹಾಕಿದ್ದು, ಮಗಳು ಋತುಮತಿಯಾದದ್ದು, ಸಾಲ ತೀರಿಸಿದ್ದು ಎಲ್ಲವೂ ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಇರುತ್ತದೆ.

ಬಾಯಿಮಾತನ್ನು ಗಟ್ಟಿ ಮಾಡಿಕೊಳ್ಳಲು ‘ಯಾವ ತಾರೀಖು’ ಎಂದು ಕೇಳಬೇಡಿ. ‘ಆಗ ಏನಾಗಿತ್ತು’ ಎಂದು ಕೇಳಿ. ಕೆಲವು ಗುರುತುಗಳಿಗೆ ತಪ್ಪದ ತಾರೀಖಿದೆ. ಉತ್ತರ ಕರ್ನಾಟಕದ ಮೇಲೆ ಹಾದುಹೋದ ಖಗ್ರಾಸ ಸೂರ್ಯಗ್ರಹಣ 1980ರ ಫೆಬ್ರವರಿ 16, ಶನಿವಾರ. ಇಂದಿರಾ ಗಾಂಧಿ ಹತ್ಯೆ 1984ರ ಅಕ್ಟೋಬರ್ 31. ಬೀದರ್, ಕಲಬುರಗಿ ಕಡೆಯವರನ್ನು ಎಬ್ಬಿಸಿದ ಕಿಲ್ಲಾರಿ ಭೂಕಂಪ 1993ರ ಸೆಪ್ಟೆಂಬರ್ 30ರ ನಸುಕು. ಡಾ. ರಾಜಕುಮಾರ್ ಅಪಹರಣವಾದದ್ದು 2000ದ ಜುಲೈ 30ರ ರಾತ್ರಿ, ಬಿಡುಗಡೆ ಅದೇ ನವೆಂಬರ್ 15. ‘ಅಣ್ಣಾವ್ರು ಕಾಡಲ್ಲಿದ್ದಾಗ ನೀನು ಹುಟ್ಟಿದ್ದು’ ಎಂದು ಅಜ್ಜಿ ಹೇಳಿದರೆ ನಿಮಗೆ 108 ದಿನಗಳ ಒಂದು ಕಿಟಕಿ ಸಿಕ್ಕಿತು. ಹಬ್ಬದ ಒಂದು ಗುರುತೂ ಸಿಕ್ಕರೆ ಆ ಕಿಟಕಿ ಎರಡು ಮೂರು ದಿನಕ್ಕೆ ಕಿರಿದಾಗುತ್ತದೆ.

ಬರೆಯುವಾಗ ಎಲ್ಲಿ ತಪ್ಪುತ್ತದೆ

ಮೊದಲನೆಯ ತಪ್ಪು ದಿನ ಎಲ್ಲಿ ಶುರುವಾಗುತ್ತದೆ ಅನ್ನುವುದರಲ್ಲಿ. ಇಂಗ್ಲಿಷ್ ತಾರೀಖು ಮಧ್ಯರಾತ್ರಿ 12ಕ್ಕೆ ಬದಲಾಗುತ್ತದೆ, ಪಂಚಾಂಗದ ವಾರ ಸೂರ್ಯೋದಯಕ್ಕೆ. ಗುರುವಾರ ಬೆಳಗಿನ ಜಾವ 3 ಗಂಟೆಗೆ ಹುಟ್ಟಿದ ಮಗು ಆಸ್ಪತ್ರೆಗೆ ಗುರುವಾರದ್ದು, ಜಾತಕಕ್ಕೆ ಬುಧವಾರದ್ದು. ‘ಜಾತಕದಲ್ಲಿ ತಪ್ಪು ಬರೆದಿದ್ದಾರೆ’ ಎಂದು ತಿದ್ದಲು ಹೋಗಬೇಡಿ, ಎರಡೂ ಸರಿ. ಗಂಟೆಯ ಕಾಲಂ ಇಟ್ಟದ್ದು ಇದಕ್ಕೇ.

ಎರಡನೆಯದು ದೇಶ. ಕ್ಯಾಲಿಫೋರ್ನಿಯಾದಲ್ಲಿ ಆಗಸ್ಟ್ 14ರ ರಾತ್ರಿ 10ಕ್ಕೆ ಮಗು ಹುಟ್ಟಿದರೆ ಮೈಸೂರಿನಲ್ಲಿ ಆಗ 15ರ ಬೆಳಿಗ್ಗೆ ಹತ್ತೂವರೆ. ಅಜ್ಜಿ ‘ಸ್ವಾತಂತ್ರ್ಯ ದಿನ ಹುಟ್ಟಿದ ಕೂಸು’ ಎಂದು ಕ್ಯಾಲೆಂಡರಿನಲ್ಲಿ ಬರೆದಿರುತ್ತಾರೆ, ಜನನ ಪತ್ರದಲ್ಲಿ 14 ಇರುತ್ತದೆ. ಹುಟ್ಟಿದ ಊರಿನ ಸಮಯವನ್ನೇ ಹಿಡಿಯಿರಿ, ಪಕ್ಕದಲ್ಲಿ ಭಾರತದ ಸಮಯ ಬರೆದಿಡಿ.

ಮೂರನೆಯದು ಕಂಪ್ಯೂಟರಿನದು. ಎಕ್ಸೆಲ್‌ನಲ್ಲಿ 5/6 ಎಂದು ಒತ್ತಿದರೆ ಕೆಲವು ಯಂತ್ರಗಳಲ್ಲಿ ಜೂನ್ 5 ಆಗುತ್ತದೆ, ಕೆಲವದರಲ್ಲಿ ಮೇ 6. ತಾರೀಖು 12 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಯಂತ್ರ ಎದುರಾಡದೆ ತಿರುಗಿಸಿಬಿಡುತ್ತದೆ, ಗೊತ್ತೇ ಆಗುವುದಿಲ್ಲ. ತಿಂಗಳನ್ನು ಅಂಕಿಯಲ್ಲಿ ಹಾಕದೆ ಹೆಸರಿನಲ್ಲೇ ಬರೆಯಿರಿ. 1900ಕ್ಕಿಂತ ಹಿಂದಿನ ಮುತ್ತಜ್ಜನ ತಾರೀಖನ್ನು ಎಕ್ಸೆಲ್ ತಾರೀಖೆಂದೇ ಒಪ್ಪುವುದಿಲ್ಲ, ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಹಾಗಾಗಿ ವ್ಯವಕಲನ ಮಾಡಿದರೆ ದೋಷ ತೋರಿಸುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಈ ತೊಡಕಿಲ್ಲ.

ತಿಥಿ ಮಾತ್ರ ಗೊತ್ತಿರುವ ಸಾವುಗಳು ಪ್ರತಿ ಮನೆಯಲ್ಲೂ ಇರುತ್ತವೆ, ಯಾಕೆಂದರೆ ವರ್ಷವರ್ಷ ಶ್ರಾದ್ಧ ನಡೆಯುವುದು ಮಾಸ, ಪಕ್ಷ, ತಿಥಿಯ ಮೇಲೆ. ಇಸವಿ ಗೊತ್ತಿದ್ದರೆ ಆ ವರ್ಷದ ಪಂಚಾಂಗ ನೋಡಿ ತಾರೀಖಿಗೆ ತರಬಹುದು. ಒಂದು ತಿಥಿ ಸುಮಾರು 20ರಿಂದ 27 ಗಂಟೆ ಇರುವುದರಿಂದ ಒಂದು ದಿನದ ಹಿಂದುಮುಂದು ಇದ್ದೇ ಇರುತ್ತದೆ. ಅದಕ್ಕೆ ‘ಇ’ ದರ್ಜೆಯೇ ಸರಿ. ಕರಾವಳಿಯ ಸೌರಮಾನದ ಮನೆಗಳಲ್ಲಿ ತಿಂಗಳ ಲೆಕ್ಕ ಬೇರೆ. ಅವರ ತಿಂಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ, ಬಯಲುಸೀಮೆಯವರದು ಪಾಡ್ಯದಿಂದ ಅಮಾವಾಸ್ಯೆಗೆ. ಎರಡನ್ನೂ ಒಂದೇ ಕಾಲಂನಲ್ಲಿ ಬೆರೆಸಬೇಡಿ.

ಮೊದಲ ಜರಡಿ: ಕ್ಯಾಲೆಂಡರೇ ಮಾಡಿದ್ದು

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಜನ ಬೆರಗಾಗುವ ತಾಳೆಗಳಲ್ಲಿ ದೊಡ್ಡ ಪಾಲು ಇಲ್ಲೇ ಉದುರುತ್ತದೆ.

ಹುಟ್ಟುಹಬ್ಬದ ವಾರ ಪ್ರತಿ ವರ್ಷ ಒಂದು ದಿನ ಮುಂದೆ ಹೋಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು ದಿನ. ಹಾಗಾಗಿ ಹುಟ್ಟಿದ ವಾರಕ್ಕೇ ಹುಟ್ಟುಹಬ್ಬ ಮರಳುವುದು 5, 6 ಅಥವಾ 11 ವರ್ಷದ ಅಂತರದಲ್ಲಿ. 28ನೇ ಹುಟ್ಟುಹಬ್ಬ ಮಾತ್ರ ಎಲ್ಲರಿಗೂ ಹುಟ್ಟಿದ ವಾರವೇ. 1901ರಿಂದ 2099ರವರೆಗೆ ಇದಕ್ಕೆ ತಪ್ಪಿಲ್ಲ. 28ಕ್ಕೆ ಮದುವೆಯಾದವರು ‘ನಾನು ಹುಟ್ಟಿದ ಶುಕ್ರವಾರವೇ ಆ ವರ್ಷವೂ ಬಂತು’ ಎಂದರೆ ಅದು ಕ್ಯಾಲೆಂಡರಿನ ಕೆಲಸ.

ತಿಥಿಯ ಚಕ್ರ 19 ವರ್ಷದ್ದು. 235 ಚಾಂದ್ರಮಾಸಗಳೂ 19 ಸೌರವರ್ಷಗಳೂ ಹೆಚ್ಚುಕಡಿಮೆ ಒಂದೇ ಉದ್ದ, ಎರಡೂ ಸುಮಾರು 6,940 ದಿನ. ಅಷ್ಟರಲ್ಲಿ 7 ಅಧಿಕ ಮಾಸ ಬಂದುಹೋಗುತ್ತವೆ. ಹಾಗಾಗಿ 19, 38, 57, 76ನೇ ಹುಟ್ಟುಹಬ್ಬಗಳಲ್ಲಿ ತಾರೀಖೂ ತಿಥಿಯೂ ಕೂಡಿಬರುತ್ತವೆ, ಹೆಚ್ಚೆಂದರೆ ಒಂದು ದಿನದ ವ್ಯತ್ಯಾಸ. ಬೇಕಾದರೆ ಹಳೆಯ ಕ್ಯಾಲೆಂಡರ್ ತೆಗೆದು ನೋಡಿ: ಯುಗಾದಿ 2005ರಲ್ಲೂ 2024ರಲ್ಲೂ ಏಪ್ರಿಲ್ 9, ಗಣೇಶ ಚತುರ್ಥಿ ಎರಡೂ ವರ್ಷ ಸೆಪ್ಟೆಂಬರ್ 7. ಅಧಿಕ ಶ್ರಾವಣ 2004ರಲ್ಲಿ ಬಂದದ್ದು ಮತ್ತೆ 2023ರಲ್ಲಿ ಬಂತು. ಚೌತಿಯ ದಿನ ಹುಟ್ಟಿದ ಹುಡುಗನಿಗೆ ಹತ್ತೊಂಬತ್ತು ತುಂಬುವ ದಿನ ಮತ್ತೆ ಚೌತಿ ಬಂದರೆ ಪಾಯಸ ಮಾಡಿ ಬಡಿಸಿ, ತಾಳೆಯ ಪಟ್ಟಿಗೆ ಮಾತ್ರ ಸೇರಿಸಬೇಡಿ. ಸಂವತ್ಸರದ ಹೆಸರು 60ಕ್ಕೆ ತಿರುಗಿ ಬರುವುದು ಎಲ್ಲರಿಗೂ ಗೊತ್ತು, ಷಷ್ಟ್ಯಬ್ದಿ ಮಾಡುವುದೇ ಅದಕ್ಕೆ.

ಒಂದೇ ವರ್ಷದೊಳಗಿನ ತಾರೀಖುಗಳ ನಡುವೆಯೂ ಇಂಥ ಕಟ್ಟು ಇದೆ. 4/4, 6/6, 8/8, 10/10, 12/12 ಈ ಐದೂ ಯಾವ ವರ್ಷದಲ್ಲಾದರೂ ಒಂದೇ ವಾರಕ್ಕೆ ಬೀಳುತ್ತವೆ. ಗಾಂಧಿ ಜಯಂತಿಗೂ ಕ್ರಿಸ್‌ಮಸ್‌ಗೂ 84 ದಿನ, ಸರಿಯಾಗಿ 12 ವಾರ. ಹಾಗಾಗಿ ಅಕ್ಟೋಬರ್ 2 ಬುಧವಾರವಾದರೆ ಡಿಸೆಂಬರ್ 25ಕ್ಕೂ ಬುಧವಾರವೇ. ಅಕ್ಕನದು ಜೂನ್ 6, ತಮ್ಮನದು ಅಕ್ಟೋಬರ್ 10 ಆದರೆ ಇಬ್ಬರ ಹುಟ್ಟುಹಬ್ಬವೂ ಜೀವಮಾನವಿಡೀ ಒಂದೇ ವಾರಕ್ಕೆ ಬರುತ್ತಿರುತ್ತದೆ.

ವಯಸ್ಸಿನ ಅಂಕಿ ತಿರುಗುಮುರುಗಾಗುವುದೂ ಇದೇ ಜಾತಿ. ಅಮ್ಮನಿಗೆ 52, ಮಗಳಿಗೆ 25. ಇದು ಆಗಬೇಕಾದರೆ ಇಬ್ಬರ ವಯಸ್ಸಿನ ಅಂತರ 9ರಿಂದ ಭಾಗವಾಗಬೇಕು. ಅಂತರ 27 ಆದರೆ 41 ಮತ್ತು 14, 52 ಮತ್ತು 25, 63 ಮತ್ತು 36, 74 ಮತ್ತು 47, ಹೀಗೆ 11 ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಅಂತರ 26 ಅಥವಾ 28 ಆದರೆ ಎಷ್ಟು ಕಾದರೂ ಬರುವುದಿಲ್ಲ. ಒಂದು ಸೂಕ್ಷ್ಮವಿದೆ: ಇಬ್ಬರ ಹುಟ್ಟಿದ ದಿನ ಬೇರೆಯಾಗಿದ್ದರೆ ತುಂಬಿದ ವಯಸ್ಸಿನ ಅಂತರ ವರ್ಷದ ಒಂದು ಭಾಗದಲ್ಲಿ 26, ಇನ್ನೊಂದು ಭಾಗದಲ್ಲಿ 27 ಇರಬಹುದು. ಆಗ ತಿರುಗುಮುರುಗು ಆ ಎರಡನೇ ಭಾಗದಲ್ಲಿ ಮಾತ್ರ ಕಾಣುತ್ತದೆ.

ಎರಡನೆಯದು: ಪದ್ಧತಿ ಮಾಡಿದ್ದು

ಮದುವೆಯ ತಾರೀಖುಗಳನ್ನು ಇಡೀ ವರ್ಷದ ಮೇಲೆ ಹರಡಿ ಲೆಕ್ಕ ಹಾಕಿದರೆ ಲೆಕ್ಕ ಕೆಡುತ್ತದೆ. ಆಷಾಢ, ಪಿತೃಪಕ್ಷ, ಧನುರ್ಮಾಸ, ಅಧಿಕ ಮಾಸ, ಗುರು ಶುಕ್ರರ ಅಸ್ತದ ದಿನಗಳನ್ನು ಕಳೆಯಿರಿ. ಉಳಿದದ್ದರಲ್ಲಿ ಮಂಗಳವಾರಗಳು ಹೋದವು. ಹಿರಿಮಗನಿಗೆ ಹಿರಿಮಗಳನ್ನು ತರುವುದಾದರೆ ಜ್ಯೇಷ್ಠ ಮಾಸವೂ ಹೋಯಿತು. ಮಕ್ಕಳ ಪರೀಕ್ಷೆ, ಸುಗ್ಗಿ, ಛತ್ರ ಸಿಗುವ ಭಾನುವಾರ ಎಲ್ಲ ನೋಡಿದ ಮೇಲೆ ಉಳಿಯುವ ದಿನಗಳು ಬೆರಳೆಣಿಕೆಯವು. ಆದ್ದರಿಂದ ಅಪ್ಪನ ಮದುವೆ, ಚಿಕ್ಕಪ್ಪನ ಮದುವೆ, ಅಣ್ಣನ ಮದುವೆ ಮೂರೂ ಮೇ ತಿಂಗಳ ಎರಡನೇ ವಾರದಲ್ಲಿ ಕೂತರೆ ಅಚ್ಚರಿ ಏನೂ ಇಲ್ಲ. ಕೂರದೆ ಹೋದರೆ ಕಾರಣ ಕೇಳಬೇಕು.

ಸರಿಯಾದ ಹೋಲಿಕೆ ಮಾಡಬೇಕಾದರೆ ಆ ವರ್ಷದ ಪಂಚಾಂಗದಲ್ಲಿ ಕೊಟ್ಟಿರುವ ವಿವಾಹ ಮುಹೂರ್ತಗಳನ್ನು ಎಣಿಸಿ, 365ರ ಜಾಗದಲ್ಲಿ ಆ ಸಂಖ್ಯೆಯನ್ನು ಇಟ್ಟುಕೊಳ್ಳಿ. ಗೃಹಪ್ರವೇಶಕ್ಕೂ ಇದೇ ಕ್ರಮ.

ಕಾಗದ ಮಾಡಿದ್ದು: ಜೂನ್ 1

ಮನೆಯ ಹಿರಿಯರಲ್ಲಿ ಮೂವರದು ಜೂನ್ 1 ಎಂದು ಕಂಡರೆ ಅಲ್ಲೇ ನಿಲ್ಲಿ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಹುಟ್ಟಿದ ತಾರೀಖು ಕೇಳಿದರೆ ಅಪ್ಪಅಮ್ಮ ‘ಕಾರಹುಣ್ಣಿಮೆ ಆಸುಪಾಸು’ ಅನ್ನುತ್ತಿದ್ದರು. ಶಾಲೆ ಶುರುವಾಗುವುದು ಜೂನಿನಲ್ಲಿ. ವಯಸ್ಸಿನ ಲೆಕ್ಕ ಸರಿಯಾಗಿ ಕೂರಲಿ ಎಂದು ಮೇಷ್ಟ್ರು ಜೂನ್ 1 ಎಂದು ಬರೆದರು. ಅದೇ ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ಸೇವಾ ಪುಸ್ತಕಕ್ಕೆ. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಮೇ 31ಕ್ಕೆ ಕಚೇರಿ ಕಚೇರಿಗಳಲ್ಲಿ ಬೀಳ್ಕೊಡುಗೆಯ ಹಾರಗಳು ಗುಡ್ಡೆ ಬೀಳುವುದು ಇದರಿಂದ. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ವರ್ಷ ಒಂದೇ ದಿನ ನಿವೃತ್ತರಾದರೆ ಅದರ ಬೇರು ಒಂದನೇ ತರಗತಿಯ ದಾಖಲೆ ಪುಸ್ತಕದಲ್ಲಿದೆ.

ಜನವರಿ 1ಕ್ಕೂ ಇದೇ ಅನುಮಾನ ಇರಲಿ: ವರ್ಷ ಮಾತ್ರ ಗೊತ್ತಿರುವ ಹಿರಿಯರಿಗೆ ಕಂಪ್ಯೂಟರಿನ ಖಾಲಿ ಜಾಗ ತುಂಬಲು ಹಾಕುವ ತಾರೀಖು ಅದು. ‘ಆ’ ದರ್ಜೆಯ ಜೂನ್ 1, ಜನವರಿ 1ಗಳನ್ನು ಪುಸ್ತಕದಲ್ಲಿ ಉಳಿಸಿಕೊಳ್ಳಿ, ಲೆಕ್ಕದಿಂದ ತೆಗೆಯಿರಿ.

ದೇಹ ಮಾಡಿದ್ದು

ಗರ್ಭ ನಿಂತ ದಿನದಿಂದ ಹೆರಿಗೆಗೆ ಸರಾಸರಿ 266 ದಿನ. ಮೇ 15ಕ್ಕೆ ಮದುವೆಯಾದರೆ ಫೆಬ್ರವರಿ ಮೊದಲ ವಾರದಿಂದಾಚೆ ಯಾವಾಗಲಾದರೂ ಚೊಚ್ಚಲು ಹೆರಿಗೆ. ಹಾಗಾಗಿ ಮೊದಲ ಮಗುವಿನ ಹುಟ್ಟುಹಬ್ಬ ಅಪ್ಪಅಮ್ಮನ ಮದುವೆಯ ವಾರ್ಷಿಕೋತ್ಸವದ ಹಿಂದಿನ ಮೂರು ತಿಂಗಳಲ್ಲಿ ಬರುವುದು ಸಾಮಾನ್ಯ. ಆಷಾಢಕ್ಕೆ ಹೊಸ ಮದುಮಗಳನ್ನು ತವರಿಗೆ ಕಳಿಸುವ ರೂಢಿಗೆ ‘ಬೇಸಿಗೆಯಲ್ಲಿ ಬಾಣಂತನ ಬೇಡ’ ಎಂದು ಹಿರಿಯರು ಕೊಡುವ ಕಾರಣವೂ ಇದೇ ಲೆಕ್ಕದ್ದು. ಕರಾವಳಿಯಲ್ಲಿ ಗಲ್ಫ್‌ಗೆ ದುಡಿಯಲು ಹೋದವರು ವರ್ಷವರ್ಷ ಡಿಸೆಂಬರಿನಲ್ಲೇ ರಜೆಗೆ ಬಂದರೆ ಮಕ್ಕಳ ಹುಟ್ಟುಹಬ್ಬಗಳು ಸೆಪ್ಟೆಂಬರಿನಲ್ಲಿ ಗುಂಪಾಗುತ್ತವೆ: ಡಿಸೆಂಬರ್ 20ಕ್ಕೆ 266 ಸೇರಿಸಿದರೆ ಸೆಪ್ಟೆಂಬರ್ 12. ಮೂರು ಮಕ್ಕಳೂ ಒಂದೇ ತಿಂಗಳಲ್ಲಿ ಹುಟ್ಟಿದ್ದಾರೆಂದರೆ ಮೊದಲು ಅಪ್ಪನ ರಜೆಯ ತಿಂಗಳು ಕೇಳಿ.

ಗಂಡಹೆಂಡತಿ ಒಬ್ಬರ ಹಿಂದೆ ಒಬ್ಬರು ಕೆಲವೇ ತಿಂಗಳಲ್ಲಿ ತೀರಿಕೊಳ್ಳುವುದನ್ನೂ ಇಲ್ಲೇ ಇಡಬೇಕು. ಸಂಗಾತಿ ಹೋದ ಮೊದಲ ತಿಂಗಳುಗಳಲ್ಲಿ ಉಳಿದವರ ಸಾವಿನ ಅಪಾಯ ಏರುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡ ಸಂಗತಿ. ದುಃಖ, ಬಿಟ್ಟುಹೋದ ಊಟ, ತಪ್ಪಿದ ಮಾತ್ರೆ ಎಲ್ಲ ಸೇರಿರುತ್ತವೆ. ಪುಸ್ತಕದಲ್ಲಿ ಇಂಥ ಜೋಡಿ ಕಂಡರೆ ಅದರಿಂದ ಆಗಬೇಕಾದ ಕೆಲಸ ಒಂದಿದೆ: ಈಗ ಒಂಟಿಯಾಗಿರುವ ಹಿರಿಯರ ಊಟ ಮತ್ತು ಔಷಧಿಯ ಮೇಲೆ ಮೊದಲ ಆರು ತಿಂಗಳು ಕಣ್ಣಿಡುವುದು.

ಉಳಿದದ್ದನ್ನು ಎಣಿಸುವುದು

ಜರಡಿಯಲ್ಲಿ ಉಳಿದದ್ದು ಎಷ್ಟು ಅಪರೂಪ ಎಂದು ತಿಳಿಯಲು ಜನರನ್ನು ಎಣಿಸಬಾರದು, ಜೋಡಿಗಳನ್ನು ಎಣಿಸಬೇಕು. ಎಷ್ಟು ತಾರೀಖುಗಳಿವೆಯೋ ಅದನ್ನು ಅದಕ್ಕಿಂತ ಒಂದು ಕಡಿಮೆಯ ಸಂಖ್ಯೆಯಿಂದ ಗುಣಿಸಿ, ಎರಡರಿಂದ ಭಾಗಿಸಿ. 12 ತಾರೀಖಿಗೆ 66 ಜೋಡಿ. 20 ಜನರ ತಲಾ ಮೂರು ಘಟನೆ ಬರೆದರೆ 60 ತಾರೀಖು, ಅಂದರೆ 1,770 ಜೋಡಿ. ಅದನ್ನು 365ರಿಂದ ಭಾಗಿಸಿದರೆ 4.8. ಅಂದರೆ ಯಾವ ಕಾರಣವೂ ಇಲ್ಲದೆ, ಬರೀ ಸಂಖ್ಯೆಯ ಬಲದಿಂದ, ಅಂಥ ಪುಸ್ತಕದಲ್ಲಿ ಸುಮಾರು ಐದು ಜೋಡಿ ಒಂದೇ ತಿಂಗಳ ಒಂದೇ ತಾರೀಖಿಗೆ ಕೂರುತ್ತವೆ. ಆಚೆ ಈಚೆ ಮೂರು ದಿನ ಬಿಟ್ಟುಕೊಟ್ಟರೆ 34 ಜೋಡಿ. ‘ಹತ್ತಿರಹತ್ತಿರ ಅದೇ ದಿನ’ ಅನ್ನುವ ಮಾತಿಗೆ ಪುಸ್ತಕದಲ್ಲಿ ಜಾಗ ಕೊಡಬಾರದು ಅನ್ನುವುದು ಇದಕ್ಕೇ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ ಇನ್ನು ಕೆಲವು ಸಂಖ್ಯೆಗಳು. 23 ಜನ ಸೇರಿದರೆ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 40 ಜನರಿದ್ದರೆ ನೂರಕ್ಕೆ 89, 50 ಆದರೆ 97. ಒಂದು ವಾರದ ಅಂತರ ಒಪ್ಪುವುದಾದರೆ ಏಳೇ ಜನ ಸಾಕು. ನಾಲ್ಕು ಜನರ ಮನೆಯಲ್ಲಿ ಇಬ್ಬರು ವಾರದ ಒಂದೇ ದಿನ, ಅಂದರೆ ಇಬ್ಬರೂ ಸೋಮವಾರವೋ ಇಬ್ಬರೂ ಶುಕ್ರವಾರವೋ, ಹುಟ್ಟಿರುವ ಸಾಧ್ಯತೆ ನೂರಕ್ಕೆ 65. ಐದು ಜನರಲ್ಲಿ ಇಬ್ಬರದು ಒಂದೇ ತಿಂಗಳಾಗಿರುವ ಸಾಧ್ಯತೆ 62. ಏಳು ಜನರಲ್ಲಿ ಇಬ್ಬರದು ಒಂದೇ ನಕ್ಷತ್ರವಾಗಿರುವುದು 57. ‘ನಮ್ಮನೇಲಿ ಎರಡು ರೋಹಿಣಿ’ ಅನ್ನುವುದು ಮುದ್ದಾದ ಮಾತು, ಅಪರೂಪದ್ದಲ್ಲ. ಆದರೆ ನಿಮ್ಮದೇ ಹುಟ್ಟುಹಬ್ಬಕ್ಕೆ ಇನ್ನೊಬ್ಬರು ಸಿಗುವ ಸಾಧ್ಯತೆ ಅರ್ಧಕ್ಕೆ ಬರಬೇಕಾದರೆ 253 ಜನ ಬೇಕು. ‘ಯಾರಾದರೂ ಇಬ್ಬರು’ ಮತ್ತು ‘ನಾನು ಮತ್ತು ಇನ್ನೊಬ್ಬರು’ ಎಂಬ ಎರಡು ಪ್ರಶ್ನೆಗಳ ನಡುವೆ ಅಷ್ಟು ದೂರ.

ಹೆಸರಾಂತರ ಹುಟ್ಟುಹಬ್ಬ ಕೂಡಿಬರುವುದನ್ನೂ ಇದೇ ಕಣ್ಣಿನಿಂದ ನೋಡಿ. ವಿಷ್ಣುವರ್ಧನ್ ಮತ್ತು ಉಪೇಂದ್ರ ಇಬ್ಬರದೂ ಸೆಪ್ಟೆಂಬರ್ 18. ರಾಜಕುಮಾರ್ ಮತ್ತು ಸಚಿನ್ ತೆಂಡೂಲ್ಕರ್ ಇಬ್ಬರದೂ ಏಪ್ರಿಲ್ 24. ಗಾಂಧೀಜಿ ಮತ್ತು ಶಾಸ್ತ್ರೀಜಿಯವರದು ಅಕ್ಟೋಬರ್ 2. ಹೆಸರಾಂತರು ಸಾವಿರಾರು ಜನರಿರುವಾಗ ಪ್ರತಿ ತಾರೀಖಿಗೂ ಹತ್ತಾರು ಹೆಸರು ಬೀಳುತ್ತವೆ, ನಮಗೆ ಪ್ರಿಯರಾದವರ ಜೋಡಿ ಮಾತ್ರ ನೆನಪಿನಲ್ಲಿ ನಿಲ್ಲುತ್ತದೆ.

ಚೀಟಿ ಕಲಸಿ ನೋಡುವುದು

ಸೂತ್ರ ಹಿಡಿಸದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ‘ನಮ್ಮ ಮನೆತನದವರು ಹುಟ್ಟಿದ ತಿಂಗಳಲ್ಲೇ ಹೋಗುತ್ತಾರೆ’ ಎಂಬ ಮಾತಿದೆ ಅಂದುಕೊಳ್ಳಿ. ಎರಡೂ ತಿಂಗಳು ಗೊತ್ತಿರುವ 18 ಹಿರಿಯರಿದ್ದಾರೆ, ಅದರಲ್ಲಿ 4 ಜನ ನಿಜಕ್ಕೂ ಹುಟ್ಟಿದ ತಿಂಗಳಲ್ಲೇ ತೀರಿಕೊಂಡಿದ್ದಾರೆ. ಇದು ಹೆಚ್ಚೇ?

ಹುಟ್ಟಿದ ತಿಂಗಳುಗಳನ್ನು ಒಂದು ಹಾಳೆಯಲ್ಲಿ ಮೇಲಿಂದ ಕೆಳಗೆ ಬರೆಯಿರಿ. ತೀರಿಕೊಂಡ ತಿಂಗಳುಗಳನ್ನು 18 ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ, ಚೆನ್ನಾಗಿ ಕಲಸಿ. ಒಂದೊಂದಾಗಿ ತೆಗೆದು ಹಾಳೆಯ ಸಾಲುಗಳ ಪಕ್ಕ ಇಡಿ. ಎಷ್ಟು ಸಾಲುಗಳಲ್ಲಿ ತಿಂಗಳು ಕೂಡಿತು, ಎಣಿಸಿ ಬರೆದುಕೊಳ್ಳಿ. ಚೀಟಿಗಳನ್ನು ಮತ್ತೆ ಡಬ್ಬಿಗೆ ಹಾಕಿ. ಹೀಗೆ 20 ಸಲ. ಮಕ್ಕಳನ್ನು ಕೂರಿಸಿಕೊಂಡರೆ ಒಂದು ಗಂಟೆಯ ಕೆಲಸ. ಸಾಮಾನ್ಯವಾಗಿ ಒಂದೋ ಎರಡೋ ಕೂಡುತ್ತವೆ, 20ರಲ್ಲಿ ಒಂದೆರಡು ಸಲ ನಾಲ್ಕು ಅಥವಾ ಹೆಚ್ಚು ಕೂಡುವುದೂ ಉಂಟು. ಕುರುಡು ಚೀಟಿಯೇ ನಾಲ್ಕನ್ನು ತರಬಲ್ಲದಾದರೆ ಮನೆತನದ ಮಾತಿಗೆ ಬಲವಿಲ್ಲ. 20 ಸಲವೂ ಮೂರನ್ನು ದಾಟದಿದ್ದರೆ ಇನ್ನೂ 80 ಸಲ ಕಲಸಿ ನೋಡಿ, ಆಗ ಚಿತ್ರ ತಿಳಿಯಾಗುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ಪ್ರಶ್ನೆಯನ್ನು ಬದಲಾಯಿಸುತ್ತ ಹೋಗುವುದು. ತಿಂಗಳು ಕೂಡಲಿಲ್ಲ, ವಾರ ನೋಡೋಣ. ವಾರ ಕೂಡಲಿಲ್ಲ, ನಕ್ಷತ್ರ ನೋಡೋಣ. ಹೀಗೆ 20 ಪ್ರಶ್ನೆ ಕೇಳಿದರೆ, ಇಪ್ಪತ್ತರಲ್ಲಿ ಒಂದು ಸಲ ಮಾತ್ರ ಬರುವಂಥ ತಾಳೆ ಎಲ್ಲೋ ಒಂದು ಕಡೆ ಸಿಗುವ ಸಂಭವವೇ ಹೆಚ್ಚು. ಕೇಳುವ ಪ್ರಶ್ನೆಗಳನ್ನು ಪುಸ್ತಕದ ಮೊದಲ ಪುಟದಲ್ಲಿ ಮೊದಲೇ ಬರೆದು, ಆಮೇಲೆ ಸಾಲುಗಳನ್ನು ತೆರೆಯಿರಿ. ಸಿಗದ ಪ್ರಶ್ನೆಗಳ ಮುಂದೆಯೂ ‘ಸಿಗಲಿಲ್ಲ’ ಎಂದು ಬರೆಯಬೇಕು.

ಕಾಲ್ಗುಣದ ಲೆಕ್ಕ

ಈ ಪುಸ್ತಕದಿಂದ ಯಾರಿಗಾದರೂ ನೋವಾಗುವುದಾದರೆ ಅದು ಈ ಒಂದು ದಾರಿಯಿಂದ. ಸೊಸೆ ಬಂದ ಮೂರು ತಿಂಗಳಿಗೆ ಮಾವನಿಗೆ ಹೃದಯಾಘಾತ. ಮಗು ಹುಟ್ಟಿದ ವಾರ ಅಂಗಡಿಗೆ ಬೆಂಕಿ. ತಾರೀಖುಗಳು ಪಕ್ಕಪಕ್ಕ ಕೂತ ಮೇಲೆ ‘ಇವಳ ಕಾಲ್ಗುಣ’ ಎಂಬ ಮಾತು ಬರಲು ಹೆಚ್ಚು ಹೊತ್ತು ಬೇಡ, ಆ ಮಾತನ್ನು ಹೊತ್ತುಕೊಂಡು ಹೆಣ್ಣುಮಕ್ಕಳು ಇಡೀ ಜೀವನ ಕಳೆದಿದ್ದಾರೆ.

ಇದಕ್ಕೂ ಲೆಕ್ಕವಿದೆ, ಅದನ್ನು ಮನೆಯವರ ಮುಂದೆಯೇ ಮಾಡಿ. ಅಜ್ಜಅಜ್ಜಿ, ಚಿಕ್ಕಪ್ಪ, ಸೋದರತ್ತೆಯರೆಲ್ಲ ಸೇರಿ 20 ಜನರ ಬಳಗದಲ್ಲಿ ಸಾವು, ಆಸ್ಪತ್ರೆ, ಅಪಘಾತ, ನಷ್ಟ ಎಲ್ಲ ಕೂಡಿ ವರ್ಷಕ್ಕೆ ನಾಲ್ಕು ಕೆಟ್ಟ ಸುದ್ದಿ ಬರುತ್ತದೆ ಅಂದುಕೊಳ್ಳೋಣ. ಅಂದರೆ ಮೂರು ತಿಂಗಳಿಗೆ ಸರಾಸರಿ ಒಂದು. ಹಾಗಿರುವಾಗ ಯಾವುದೇ ಮದುವೆಯ ನಂತರದ ಮೂರು ತಿಂಗಳಲ್ಲಿ ಕನಿಷ್ಠ ಒಂದು ಕೆಟ್ಟ ಸುದ್ದಿ ಬರುವ ಸಾಧ್ಯತೆ ನೂರಕ್ಕೆ 63. ಸೊಸೆ ಯಾರೇ ಆಗಿರಲಿ. ಲೆಕ್ಕ ಒಪ್ಪದವರಿಗೆ ಪುಸ್ತಕವನ್ನೇ ತಿರುಗಿಸಿ ತೋರಿಸಿ: ಮದುವೆಯ ಹಿಂದಿನ ಮೂರು ತಿಂಗಳಲ್ಲಿ ಏನೇನು ಆಗಿತ್ತು, ಯಾರ ಮದುವೆಯೂ ಇಲ್ಲದ ಒಂದು ವರ್ಷದ ಮೂರು ತಿಂಗಳಲ್ಲಿ ಏನೇನು ಆಗಿತ್ತು. ಎರಡು ಘಟನೆಗಳ ನಡುವೆ ಗೆರೆ ಎಳೆದು ಜೋಡಿಸುವುದಾದರೆ ಎರಡೂ ‘ತಾನಾಗಿ’ ಬಂದದ್ದಾಗಿರಬೇಕು ಎಂಬ ನಿಯಮವನ್ನು ಮೊದಲ ಪುಟದಲ್ಲೇ ಬರೆದಿಡಿ. ಮದುವೆಯ ದಿನ ಇಟ್ಟವರು ಹಿರಿಯರು, ಸೊಸೆಯಲ್ಲ. ಹಸುಗೂಸಿನ ಜನನದ ಸಾಲಿನ ಪಕ್ಕ ಯಾವ ಷರಾವನ್ನೂ ಬರೆಯಬೇಡಿ.

ಮುಂದಕ್ಕೆ ನೋಡುವುದು

ಎಲ್ಲ ಜರಡಿ ದಾಟಿಯೂ ಒಂದು ತಾಳೆ ಉಳಿದರೆ, ಪುಸ್ತಕದ ಕೊನೆಯಲ್ಲಿ ಹೊಸ ಪುಟ ತೆಗೆದು ಇವತ್ತಿನ ತಾರೀಖು ಹಾಕಿ, ಅದನ್ನು ಊಹೆಯ ರೂಪದಲ್ಲಿ ಬರೆಯಿರಿ: ‘ಈ ಬಳಗದಲ್ಲಿ ಸಹಜವಾಗಿ ಹುಟ್ಟುವ ಮಕ್ಕಳು ಶುಕ್ರವಾರ ಹೆಚ್ಚಾಗಿ ಹುಟ್ಟುತ್ತಾರೆ’. ಎಷ್ಟು ಘಟನೆಯವರೆಗೆ ಕಾಯುತ್ತೀರಿ, ಎಷ್ಟು ಕೂಡಿದರೆ ಒಪ್ಪುತ್ತೀರಿ ಅನ್ನುವುದೂ ಅಲ್ಲೇ ಇರಲಿ. ಮುಂದಿನ ಏಳು ಸಹಜ ಹೆರಿಗೆಗಳಲ್ಲಿ ಶುಕ್ರವಾರ ಸರಾಸರಿ ಒಂದು ಬರಬೇಕು, ನಾಲ್ಕು ಬಂದರೆ ಗಮನಿಸಬೇಕಾದದ್ದು. ಪುಟದ ಕೆಳಗೆ ಮನೆಯ ಇನ್ನೊಬ್ಬರ ಸಹಿ ಹಾಕಿಸಿ. ಊಹೆ ಹುಟ್ಟಿದ್ದೇ ಹಳೆಯ ಸಾಲುಗಳಿಂದ, ಆದ್ದರಿಂದ ಅವನ್ನು ಈ ಎಣಿಕೆಗೆ ಸೇರಿಸಬಾರದು. ಹೊಸ ಸಾಲುಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದರೆ ಹಳತೂ ಹೊಸತೂ ಬೆರೆಯುವುದಿಲ್ಲ. ಸಿಸೇರಿಯನ್ ಆದರೆ ಸಾಲನ್ನು ಬರೆಯಿರಿ, ಎಣಿಸಬೇಡಿ.